ನಾಲ್ಕು ಮೆಗಾಬಿಟ್‌ಗಳಲ್ಲಿ ಮೂರು ಲೋಕಗಳು

ಡಿಸೆಂಬರ್ ತಿಂಗಳ ನಡುವೆ, ರಾತ್ರಿ ಒಂಬತ್ತು ಗಂಟೆಯ ವೇಳೆಗೆ, ಉತ್ತರಾಭಿಮುಖವಾಗಿ ನಿಂತು ತಲೆಯೆತ್ತಿ ನೋಡಿದರೆ ಕುಂತೀ ಪುಂಜದ ಸಮೀಪದಲ್ಲಿ ಪಾರ್ಥ ಪುಂಜವು ಕಾಣುವುದು. ಪಾಶ್ಚಾತ್ಯರು ಇದನ್ನು ಪರ್ಸಿಯಸ್ ಎಂದು ಕರೆಯುವರು. ಬೆಂಗಳೂರಿನ ಅಕ್ಷಾಂಶದಲ್ಲಿ ದಿಗಂತದಿಂದ ಸುಮಾರು 62 ಅಂಶಗಳಷ್ಟು ಮೇಲಕ್ಕೆ ಬರುವ ಈ ಪುಂಜದ ಎರಡನೆಯ ಪ್ರಕಾಶಮಾನ ನಕ್ಷತ್ರವೇ ಆಲ್ಗಾಲ್. ಹೆಸರು ಅರಬ್ಬೀ ಭಾಷೆಯದು. ಪಿಶಾಚಿಯ ತಲೆ ಎಂಬ ಮಾತಿನಿಂದ ಬಂದುದು. ಗ್ರೀಕರ ಕಥೆಯಲ್ಲಿ ವೀರ ಪರ್ಸಿಯಸನು ಕತ್ತರಿಸಿ ಕೈಯಲ್ಲಿ ಹಿಡಿದಿರುವ ಮೆಡೂಸಾ ಎಂಬ ರಾಕ್ಷಸಿಯ ಶಿರಸ್ಸು ಇದು.

ಈ ಪಿಶಾಚಿ ಕಣ್ಣು ಮಿಟುಕಿಸುತ್ತದೆ. 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಅದರ ಬೆಳಕು ಕುಗ್ಗಿ, ಮೊದಲಿದ್ದುದರ ಮೂರನೆಯ ಒಂದು ಪಾಲಿಗಿಂತಲೂ ತುಸು ಕಡಮೆಯಾಗಿ, ಮತ್ತೆ ಸುಮಾರು ಹತ್ತು ಗಂಟೆಗಳೊಳಗೆ ಯಥಾಸ್ಥಿತಿಗೆ ಬರುವುದು. ಈ ನಿಯತಕಾಲವನ್ನು ಅಳೆದು 1783ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್‌ರಿಕ್. ಆಗ ಅವನ ವಯಸ್ಸು ಹದಿನೆಂಟು. ಶೈಶವದಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದವನು. ಯಾವುದೋ ಕತ್ತಲ ಕಾಯವೊಂದು ನಕ್ಷತ್ರವನ್ನು ಸುತ್ತುತ್ತ ಅಡ್ಡಬರುತ್ತಿರಬಹುದೆಂದು ಅವನು ಊಹಿಸಿದನು. ನೂರು ವರ್ಷಗಳ ಮೇಲೆ, 1889ರಲ್ಲಿ, ಜರ್ಮನಿಯ ಫೋಗೆಲ್ ರೋಹಿತದರ್ಶಕದ ಸಹಾಯದಿಂದ ಆ ಊಹೆಯನ್ನು ಸ್ಥಾಪಿಸಿದನು.

ಇಷ್ಟು ಪೀಠಿಕೆ ಏಕೆಂದರೆ, ಈ ನಕ್ಷತ್ರದ ಹೆಸರನ್ನಿಟ್ಟುಕೊಂಡು ಅದರ ಸುತ್ತ ಮೂರು ಗ್ರಹಗಳನ್ನು ಕಲ್ಪಿಸಿ, ಆ ಮೂರು ಲೋಕಗಳನ್ನೂ ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಅಡಕಮಾಡಿದ ಒಂದು ಸಾಹಸವನ್ನು ನಾವು ಇಲ್ಲಿ ವಿವರಿಸಹೊರಟಿದ್ದೇವೆ. ಅದು ಜಪಾನಿನ ಸೆಗಾ ಸಂಸ್ಥೆಯವರು 1987ನೆಯ ಡಿಸೆಂಬರ್ 20ರಂದು ಹೊರತಂದ 'ಫ್ಯಾಂಟಸಿ ಸ್ಟಾರ್' ಎಂಬ ವಿಡಿಯೋ ಆಟ. ಆಟವೆಂದರೆ ಕಾಲಹರಣವೆಂದು ಮೂಗುಮುರಿಯುವ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ಅವರು ಈ ಲೇಖನದ ಲೆಕ್ಕಗಳನ್ನಾದರೂ ಓದಬೇಕೆಂದು ನಮ್ಮ ಬಿನ್ನಹ.

ಇದು ಪಾತ್ರಧಾರಣೆಯ ಆಟಗಳೆಂಬ ವರ್ಗಕ್ಕೆ ಸೇರಿದುದು. ಇಂತಹ ಆಟದಲ್ಲಿ ಕೈಚಳಕಕ್ಕಿಂತ ತಾಳ್ಮೆಗೇ ಪ್ರಾಧಾನ್ಯ. ಆಡುವವನು ಕಥೆಯೊಳಗಿನ ಪಾತ್ರವಾಗಿ ಊರೂರು ಅಲೆಯುತ್ತಾನೆ, ಜನರನ್ನು ಮಾತನಾಡಿಸುತ್ತಾನೆ, ದುಷ್ಟಮೃಗಗಳೊಡನೆ ಕಾದಾಡಿ ಅನುಭವ ಗಳಿಸುತ್ತಾನೆ. ಗಳಿಸಿದಂತೆಲ್ಲ ಪಾತ್ರದ ಬಲವೂ ಹೆಚ್ಚುವುದು. ಮುಗಿಯಲು ಹತ್ತಾರು ಗಂಟೆಗಳು ಬೇಕು. ಜಪಾನಿನಲ್ಲಿ ಈ ಬಗೆಯ ಆಟಕ್ಕೆ ಜನಪ್ರಿಯತೆಯನ್ನು ತಂದುದು 1986ರ 'ಡ್ರ್ಯಾಗನ್ ಕ್ವೆಸ್ಟ್'. ಫ್ಯಾಂಟಸಿ ಸ್ಟಾರ್ ಹೊರಬರುವುದಕ್ಕೆ ಸರಿಯಾಗಿ ಎರಡು ದಿನ ಮೊದಲು 'ಫೈನಲ್ ಫ್ಯಾಂಟಸಿ' ಎಂಬ ಇನ್ನೊಂದು ಆಟವು ಮಾರುಕಟ್ಟೆಗೆ ಬಂದಿತ್ತು. ಇವೆರಡೂ ಮನೆಮನೆಯಲ್ಲಿದ್ದ ನಿಂಟೆಂಡೊ ಸಂಸ್ಥೆಯ ಫ್ಯಾಮಿಕಾಮ್ ಯಂತ್ರಕ್ಕಾಗಿ ರಚಿತವಾದವು. ಫ್ಯಾಂಟಸಿ ಸ್ಟಾರ್ ಆದರೋ ಕಡಮೆ ಜನ ಕೊಂಡಿದ್ದ ಸೆಗಾ ಮಾರ್ಕ್ 3 ಎಂಬ ಯಂತ್ರದ್ದು. ಹೊರದೇಶಗಳಲ್ಲಿ ಈ ಯಂತ್ರಕ್ಕೆ ಮಾಸ್ಟರ್ ಸಿಸ್ಟಮ್ ಎಂದು ಹೆಸರು. ಆದುದರಿಂದ ಮೊದಲಿನ ಎರಡರ ಹೆಸರನ್ನು ಬಲ್ಲವರಲ್ಲಿ ಮೂರನೆಯದನ್ನು ಬಲ್ಲವರು ವಿರಳ. ದೂರದ ಬ್ರಜಿಲಿನಲ್ಲಿ ಮಾತ್ರ ಟೆಕ್‌ಟಾಯ್ ಎಂಬ ಸಂಸ್ಥೆಯು 1991ರಲ್ಲಿ ಇದನ್ನು ಪೋರ್ಚುಗೀಸ್ ಭಾಷೆಗೆ ತಂದು ಮನೆಮಾತಾಗಿಸಿತು.

ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಆಲ್ಗಾಲ್ ಮಂಡಲದಲ್ಲಿ ಹಸುರಿನ ಪಾಲ್ಮಾ, ಮರಳುಗಾಡಿನ ಮೊಟೇವಿಯಾ, ಹಿಮದ ಡೆಜೋರಿಸ್ ಎಂಬ ಮೂರು ಗ್ರಹಗಳು. ಅವನ್ನಾಳುವ ಲಾಸಿಕ್ ಎಂಬ ದೊರೆಯು ಕ್ರೂರಿಯಾಗಿದ್ದಾನೆ. ಅವನ ಭಟರು ನೀರೋ ಎಂಬ ಯುವಕನನ್ನು ಕೊಲ್ಲುತ್ತಾರೆ. ಸಾಯುತ್ತಿರುವ ಅಣ್ಣನಿಂದ ಕತ್ತಿಯನ್ನು ಪಡೆದು ತಂಗಿ ಅಲಿಸ್ ಹೊರಡುತ್ತಾಳೆ. ನಾಯಕನ ಸ್ಥಾನದಲ್ಲಿ ಒಬ್ಬ ತರುಣಿ ನಿಲ್ಲುವುದು ಆ ಕಾಲದ ಆಟಗಳಲ್ಲಿ ಅಪರೂಪ. ಮಾತನಾಡುವ ಬೆಕ್ಕಿನಂತಹ ಮ್ಯಾವ್, ಯೋಧ ಓಡಿನ್, ಮಂತ್ರಶಕ್ತಿಯುಳ್ಳ ನೋವಾ ಇವರು ಅವಳ ಜೊತೆಗಾರರು. ಓಡಿನನನ್ನು ಕಲ್ಲಾಗಿಸಿದವಳು ಬೇರೆ ಯಾರೂ ಅಲ್ಲ, ಮೆಡೂಸಾ. ಅವಳನ್ನು ಎದುರಿಸಲು ಕನ್ನಡಿಯ ಗುರಾಣಿ ಬೇಕಾಗುವುದು. ನಕ್ಷತ್ರದ ಹೆಸರನ್ನು ಆರಿಸಿದವರು ಪುರಾಣವನ್ನೂ ಓದಿಕೊಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಮೃಗಗಳು ತುಂಬಿದ ಗುಹೆಯ ಗರ್ಭದಲ್ಲಿ ಕೇಕ್ ಮಾರುವ ಅಂಗಡಿಯೊಂದಿದ್ದು, ಆ ಕೇಕನ್ನು ಕೊಂಡು ಮೊಟೇವಿಯಾದ ರಾಜ್ಯಪಾಲನಿಗೆ ಕಾಣಿಕೆಯಾಗಿ ಒಯ್ಯಬೇಕಾಗಿರುವುದು ಯಾವ ಪುರಾಣದ್ದೆಂದು ನಾವು ಹೇಳಲಾರೆವು!

ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ನಿಜವಾದ ಆಲ್ಗಾಲಿನ ಸುತ್ತ ಪಾಲ್ಮಾದಂತಹ ಹಸುರು ಗ್ರಹವಿರಲು ಸಾಧ್ಯವೆ? ಇಂದು ತಿಳಿದಿರುವಂತೆ ಆಲ್ಗಾಲ್ ಒಂದಲ್ಲ, ಮೂರು ನಕ್ಷತ್ರಗಳ ಕೂಟ. ದೊಡ್ಡದರ ರಾಶಿ ಸೂರ್ಯನ ಸುಮಾರು 3.2 ಪಟ್ಟು, ಅದಕ್ಕೆ ಅಡ್ಡಬರುವ ಸಂಗಾತಿಯದು 0.7, ದೂರದಲ್ಲಿ ಸುತ್ತುವ ಮೂರನೆಯದರದು ಸುಮಾರು 1.7. ಮೂರೂ ಸೇರಿ ಚೆಲ್ಲುವ ಬೆಳಕು ಸೂರ್ಯನದಕ್ಕಿಂತ ಸುಮಾರು 200 ಪಟ್ಟು. ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಂದುವುದಾದುದರಿಂದ, ಭೂಮಿಯಷ್ಟೇ ಬಿಸಿಲು ಬೀಳಬೇಕಾದರೆ ಗ್ರಹವು 200ರ ವರ್ಗಮೂಲದಷ್ಟು, ಎಂದರೆ ಭೂಮಿ ಸೂರ್ಯರ ಅಂತರದ ಸುಮಾರು 14 ಪಟ್ಟು ದೂರದಲ್ಲಿರಬೇಕು. ನಮ್ಮ ಶನಿಯೇ 9.5 ಪಟ್ಟು ದೂರದಲ್ಲಿದೆ. ಇನ್ನು ಕೆಪ್ಲರನ ಮೂರನೆಯ ನಿಯಮ: 14ರ ಘನ 2744, ಅದನ್ನು ಒಟ್ಟು ರಾಶಿ 5.6ರಿಂದ ಭಾಗಿಸಿದರೆ 490. ಅದರ ವರ್ಗಮೂಲ 22. ಪಾಲ್ಮಾದ ಒಂದು ವರ್ಷವೆಂದರೆ ನಮ್ಮ 22 ವರ್ಷಗಳು! ಅಲಿಸಳು ಇನ್ನೂ ತನ್ನ ಮೊದಲನೆಯ ಹುಟ್ಟುಹಬ್ಬವನ್ನು ಕಂಡಿರಲಾರಳು.

ಇದಕ್ಕಿಂತ ದೊಡ್ಡ ತೊಡಕು ಆಯುಷ್ಯದ್ದು. ಸೂರ್ಯನ ಮೂರು ಪಟ್ಟು ರಾಶಿಯ ನಕ್ಷತ್ರವು ಇಂಧನವನ್ನು ದುಂದುಮಾಡಿ ಕೆಲವು ಹತ್ತು ಕೋಟಿ ವರ್ಷಗಳಲ್ಲೇ ಮುದಿಯಾಗುವುದು. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ. ಇಲ್ಲಿ ಹುಲ್ಲು, ಮರ, ಮಾನವರು ತಲೆದೋರಲು ಅಷ್ಟು ಕಾಲ ಹಿಡಿಯಿತು. ಆಲ್ಗಾಲಿಗೆ ಅಷ್ಟು ಪುರುಸೊತ್ತಿಲ್ಲ. ಇರಲಿ, ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯವನ್ನು ಕೊಡದಿದ್ದರೆ ಕಥೆಯೇ ನಡೆಯದು.

ಕಥೆಗಾರನಿಗೆ ದೊರೆತ ಸ್ವಾತಂತ್ರ್ಯವು ಯಂತ್ರವನ್ನು ನಡೆಸುವವನಿಗೆ ಮಾತ್ರ ದೊರೆಯಲಿಲ್ಲ. ಮಾರ್ಕ್ 3 ಯಂತ್ರದ ಹೃದಯವು ಜೈಲಾಗ್ ಸಂಸ್ಥೆಯ ಝಡ್-80 ಎಂಬ ಸಂಸ್ಕಾರಕ. ಅದರ ಗಡಿಯಾರವು ಸೆಕೆಂಡಿಗೆ ಸುಮಾರು 35,80,000 ಸಲ ಮಿಡಿಯುವುದು. ಕೇಳಲು ಬಹಳವೆನಿಸಬಹುದು. ಆದರೆ ಜಪಾನಿನ ದೂರದರ್ಶನದ ಪರದೆಯ ಚಿತ್ರವು ಸೆಕೆಂಡಿಗೆ 60 ಸಲ ಹೊಸದಾಗುತ್ತಿತ್ತು. ಆದುದರಿಂದ ಒಂದು ಚಿತ್ರಕ್ಕೆ ಸಿಗುವುದು ಸುಮಾರು 59,660 ಮಿಡಿತಗಳು ಮಾತ್ರ. ಪರದೆಯ ಮೇಲೆ ಅಡ್ಡಲಾಗಿ 256, ಉದ್ದಕ್ಕೆ 192, ಒಟ್ಟು 49,152 ಚುಕ್ಕೆಗಳು. ಭಾಗಿಸಿ ನೋಡಿದರೆ ಒಂದು ಚುಕ್ಕೆಯ ಪಾಲಿಗೆ ಬರುವುದು ಒಂದೂಕಾಲು ಮಿಡಿತಕ್ಕಿಂತಲೂ ಕಡಮೆ. ಝಡ್-80ಕ್ಕೆ ಅತ್ಯಂತ ಚಿಕ್ಕ ಆಜ್ಞೆಯನ್ನು ನೆರವೇರಿಸುವುದಕ್ಕೇ ನಾಲ್ಕು ಮಿಡಿತಗಳು ಬೇಕು! ಚುಕ್ಕೆ ಚುಕ್ಕೆಯನ್ನೂ ಲೆಕ್ಕಹಾಕಿ ಬರೆಯುವುದು ಆಗದ ಮಾತು.

ಈ ತೊಂದರೆಗೆ ಯಂತ್ರದಲ್ಲಿಯೇ ಒಂದು ಪರಿಹಾರವಿತ್ತು. ಪರದೆಯನ್ನು ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಬಿಲ್ಲೆಗಳಾಗಿ ವಿಭಾಗಿಸಿದರೆ 32ರಂತೆ 24 ಸಾಲು, ಒಟ್ಟು 768 ಮನೆಗಳಾಗುವುವು. ಬಿಲ್ಲೆಗಳ ಚಿತ್ರಗಳನ್ನು ಮೊದಲೇ ಚಿತ್ರಸ್ಮೃತಿಯಲ್ಲಿ ತುಂಬಿಟ್ಟರೆ, ಯಾವ ಮನೆಗೆ ಯಾವ ಬಿಲ್ಲೆ ಎಂಬ ಪಟ್ಟಿಯನ್ನಷ್ಟೇ ಬದಲಾಯಿಸಿದರೆ ಸಾಕು. ಮನೆಯೊಂದಕ್ಕೆ ಎರಡು ಬೈಟಿನಂತೆ ಪಟ್ಟಿಯು 1,536 ಬೈಟು. ಬೈಟಿಗೆ ಮೂವತ್ತು ಮಿಡಿತ ಹಿಡಿಯುವುದೆಂದರೂ 46,080 ಆಯಿತು; ನಮ್ಮ ಬಳಿಯಿರುವ 59,660ರೊಳಗೆ ಕೆಲಸ ಮುಗಿಯುವುದು. ಅಂಗಳದಲ್ಲಿ ರಂಗೋಲಿಯನ್ನು ಎಳೆ ಎಳೆಯಾಗಿ ಬಿಡಿಸುವುದಕ್ಕೂ, ತೂತಿನ ಅಚ್ಚನ್ನು ಇಟ್ಟು ಪುಡಿ ಸುರಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಇಷ್ಟು ತಿಳಿದ ಮೇಲೆ ಫ್ಯಾಂಟಸಿ ಸ್ಟಾರಿನ ನೆಲಮಾಳಿಗೆಗಳ ಮಹತ್ವವು ಮನಸ್ಸಿಗೆ ಬರುವುದು. ಊರುಗಳನ್ನೂ ಬಯಲುಗಳನ್ನೂ ಮೇಲಿನಿಂದ ನೋಡಿದಂತೆ ತೋರಿಸುವ ಆಟವು, ನೆಲಮಾಳಿಗೆಯ ಚಕ್ರವ್ಯೂಹಕ್ಕೆ ಇಳಿದೊಡನೆ ನಮ್ಮನ್ನು ಅಲಿಸಳ ಕಣ್ಣಿನ ಹಿಂದೆ ನಿಲ್ಲಿಸುತ್ತದೆ. ಎದುರಿಗೆ ಉದ್ದನೆಯ ಓಣಿ, ಎಡಬಲಗಳಲ್ಲಿ ಗೋಡೆ. ಒಂದು ಹೆಜ್ಜೆ ಮುಂದಿಟ್ಟರೆ ಗೋಡೆಗಳು ನಿಜವಾಗಿಯೂ ನಮ್ಮನ್ನು ದಾಟಿ ಹಿಂದಕ್ಕೆ ಸರಿಯುವುವು. ಆಗಿನ ಇತರ ಆಟಗಳಲ್ಲಿ ಸಾಮಾನ್ಯವಾಗಿ ದೃಶ್ಯವು ಒಂದು ಮನೆಯಿಂದ ಇನ್ನೊಂದಕ್ಕೆ ತಟ್ಟನೆ ನೆಗೆಯುತ್ತಿತ್ತು. ಹೀಗೆ ನಡೆದಾಡಿದ ಅನುಭವ ಆಗ ಮನೆಯ ಯಂತ್ರಗಳಲ್ಲಿ ಹೊಸದು.

ಸಾಲುಮರಗಳ ರಸ್ತೆಯಲ್ಲಿ ನಿಂತು ನೋಡಿದವರಿಗೆ ಯಥಾದರ್ಶನದ ನಿಯಮ ತಿಳಿದೇ ಇದೆ. ಒಂದೇ ಎತ್ತರದ ಮರಗಳು ದೂರ ಹೋದಂತೆಲ್ಲ ಕುಗ್ಗುತ್ತವೆ. ಎರಡು ಪಟ್ಟು ದೂರದಲ್ಲಿ ಅರ್ಧ, ಮೂರು ಪಟ್ಟು ದೂರದಲ್ಲಿ ಮೂರನೆಯ ಒಂದು ಪಾಲು. ಎಂದರೆ ಪ್ರತಿಯೊಂದು ಗೋಡೆಯ ತುದಿಯನ್ನೂ ಗುರುತಿಸಲು ಒಂದು ಭಾಗಾಕಾರವಾಗಬೇಕು. ಝಡ್-80ರ ಆಜ್ಞೆಗಳಲ್ಲಿ ಭಾಗಾಕಾರವಿರಲಿ, ಗುಣಾಕಾರವೂ ಇಲ್ಲ! ಕೂಡಿಸಿ ಕಳೆದು ಹೇಗೋ ಸಾಧಿಸಬೇಕು. ಆದುದರಿಂದ ಓಣಿಯ ನೋಟಗಳನ್ನು ಆಡುವ ಕಾಲದಲ್ಲಿ ಲೆಕ್ಕಿಸುವ ಬದಲು ಮುಂಚೆಯೇ ಸಿದ್ಧಪಡಿಸಿ, ಬಿಲ್ಲೆಗಳ ರೂಪದಲ್ಲಿ ಕಾರ್ಟ್ರಿಜ್ಜಿನಲ್ಲಿ ಶೇಖರಿಸಿ, ಬೇಕಾದಾಗ ಒಂದರ ಹಿಂದೆ ಒಂದನ್ನು ತೋರಿಸುವ ಮಾರ್ಗವನ್ನು ಹಿಡಿದರು. ಈ ಕಾರ್ಯಕ್ರಮವನ್ನು ರಚಿಸಿದವನು ಯುಜಿ ನಾಕಾ.

ಕಾಲದ ಸಮಸ್ಯೆಯು ಹೀಗೆ ಸ್ಥಳದ ಸಮಸ್ಯೆಯಾಗಿ ಮಾರ್ಪಟ್ಟಿತು. ಫ್ಯಾಂಟಸಿ ಸ್ಟಾರಿನ ಕಾರ್ಟ್ರಿಜ್ಜಿನ ಗಾತ್ರ ನಾಲ್ಕು ಮೆಗಾಬಿಟ್, ಎಂದರೆ 5,24,288 ಬೈಟು. ಮೊದಲನೆಯ ಡ್ರ್ಯಾಗನ್ ಕ್ವೆಸ್ಟಿನ ಎಂಟು ಪಟ್ಟು, ಫೈನಲ್ ಫ್ಯಾಂಟಸಿಯ ಎರಡು ಪಟ್ಟು; ಅಂದಿಗೆ ದೊಡ್ಡ ಐಶ್ವರ್ಯ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಛಾಯಾಚಿತ್ರವೇ ಇದನ್ನು ಮೀರುವುದುಂಟು. ಹದಿನಾರು ಬಣ್ಣಗಳಲ್ಲಿ ಯಾವುದೆಂದು ಹೇಳಲು ಚುಕ್ಕೆಯೊಂದಕ್ಕೆ ನಾಲ್ಕು ಬಿಟ್ ಬೇಕಾದುದರಿಂದ, ತುಂಬು ಪರದೆಯ ಒಂದು ಚಿತ್ರಕ್ಕೆ 24,576 ಬೈಟು ತಗಲುವುದು. ಹಾಗೆಯೇ ಇಟ್ಟಿದ್ದರೆ ಇಡೀ ಕಾರ್ಟ್ರಿಜ್ಜಿನಲ್ಲಿ 21 ಚಿತ್ರಗಳಿಗೆ ಸ್ಥಳ ಮುಗಿಯುತ್ತಿತ್ತು. ಮೂರು ಗ್ರಹಗಳು, ಊರುಗಳು, ಮೃಗಗಳು, ಸಂಭಾಷಣೆ, ಸಂಗೀತ ಇವುಗಳಿಗೆ ಜಾಗವೆಲ್ಲಿ?

ಉತ್ತರ: ಸಂಕೋಚನ. ಹೋಟೆಲಿನ ಮಾಣಿಯು ಅಡಿಗೆಮನೆಯತ್ತ ತಿರುಗಿ 'ಹನ್ನೆರಡು ಇಡ್ಲಿ' ಎಂದು ಒಮ್ಮೆ ಕೂಗುವನೇ ಹೊರತು, 'ಇಡ್ಲಿ' ಎಂದು ಹನ್ನೆರಡು ಸಲ ಕೂಗುವುದಿಲ್ಲವಷ್ಟೆ. ಇಲ್ಲಿಯೂ ಅಷ್ಟೇ. ಒಂದೇ ಬೈಟು ಸತತವಾಗಿ ಬಂದರೆ ಎಷ್ಟು ಸಲ ಎಂಬ ಸಂಖ್ಯೆಯನ್ನು ಬರೆದು ಬೈಟನ್ನು ಒಮ್ಮೆ ಮಾತ್ರ ಬರೆಯುವರು. ಬೇರೆ ಬೇರೆ ಬೈಟುಗಳು ಬಂದರೇನು ಗತಿ? ಎಂಟು ಬಿಟ್‌ಗಳ ಆ ಸಂಖ್ಯೆಯಲ್ಲಿ ಮೊದಲನೆಯ ಬಿಟ್ ಸೊನ್ನೆಯಾಗಿದ್ದರೆ 'ಮುಂದಿನ ಬೈಟನ್ನು ಇಷ್ಟು ಸಲ ಪುನರಾವರ್ತಿಸು' ಎಂದೂ, ಒಂದಾಗಿದ್ದರೆ 'ಮುಂದಿನ ಇಷ್ಟು ಬೈಟುಗಳನ್ನು ಇದ್ದಂತೆಯೇ ತೆಗೆದುಕೋ' ಎಂದೂ ಅರ್ಥ. ಉಳಿದ ಏಳು ಬಿಟ್‌ಗಳಲ್ಲಿ 127ರವರೆಗೆ ಎಣಿಸಬಹುದು. ಬರಿಯ ಸೊನ್ನೆ ಬಂದರೆ ಮುಕ್ತಾಯ.

ಇದರಲ್ಲಿ ಇನ್ನೊಂದು ಜಾಣತನವಿದೆ, ಮತ್ತು ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು ಅದೇ. ಚುಕ್ಕೆಯ ನಾಲ್ಕು ಬಿಟ್‌ಗಳು ನಾಲ್ಕು ಪದರಗಳಿದ್ದಂತೆ. ಯಂತ್ರವು ಬಯಸುವ ಕ್ರಮದಲ್ಲಿ ಬಿಲ್ಲೆಯ ಪ್ರತಿ ಸಾಲಿಗೂ ನಾಲ್ಕು ಬೈಟು, ಪದರಕ್ಕೊಂದರಂತೆ, ಹೆಣೆದುಕೊಂಡಿರುವುವು. ಮೊದಲ ಪದರವೆಲ್ಲ ಒಂದೇ ಸಮನಾಗಿದ್ದರೂ ಎರಡನೆಯದರ ಬೈಟು ನಡುವೆ ನುಗ್ಗಿ ಸಾಲನ್ನು ಮುರಿಯುವುದು. ಆದುದರಿಂದ ಕಾರ್ಟ್ರಿಜ್ಜಿನಲ್ಲಿ ಪದರಗಳನ್ನು ಬಿಡಿಸಿ, ಮೊದಲನೆಯದನ್ನು ಪೂರ್ತಿ, ಆಮೇಲೆ ಎರಡನೆಯದನ್ನು ಪೂರ್ತಿ, ಹೀಗೆ ಪ್ರತ್ಯೇಕವಾಗಿ ಸಂಕೋಚಿಸಿಟ್ಟಿದ್ದಾರೆ. ತೆಗೆಯುವಾಗ ಮತ್ತೆ ಹೆಣೆಯುವರು. ಅಕ್ಕಿ ಬೇಳೆಗಳನ್ನು ಬೆರೆಸಿ ಅಳೆಯುವುದಕ್ಕಿಂತ ಬೇರೆ ಮಾಡಿ ಅಳೆಯುವುದು ಸುಲಭವೆಂಬ ಹಳೆಯ ವಿವೇಕವೇ ಇದು.

ಇನ್ನೂ ಒಂದು ಅಡಚಣೆ. ಝಡ್-80ರ ವಿಳಾಸ ತಂತಿಗಳು 16. ಎರಡರ ಹದಿನಾರನೆಯ ಘಾತ 65,536. ಅದರಾಚೆಗಿನ ಬೈಟನ್ನು ಹೆಸರಿಡಿದು ಕರೆಯಲು ಅದಕ್ಕೆ ತಿಳಿಯದು. ಐದು ಲಕ್ಷದ ಪುಸ್ತಕವನ್ನು ಅದು ಓದುವುದು ಹೇಗೆ? ಕಾರ್ಟ್ರಿಜ್ಜನ್ನು 16,384 ಬೈಟುಗಳ 32 ಪುಟಗಳಾಗಿ ವಿಭಾಗಿಸಿ, ಸಂಸ್ಕಾರಕಕ್ಕೆ ಏಕಕಾಲದಲ್ಲಿ ಮೂರು ಪುಟಗಳು ಮಾತ್ರ ಕಾಣುವಂತೆ ಏರ್ಪಡಿಸಿದ್ದಾರೆ. ಗೊತ್ತಾದ ವಿಳಾಸಕ್ಕೆ ಪುಟದ ಸಂಖ್ಯೆಯನ್ನು ಬರೆದರೆ ಹಳೆಯ ಪುಟ ಮರೆಯಾಗಿ ಹೊಸದು ಬಂದು ನಿಲ್ಲುವುದು. ಪಾಲ್ಮಾದಿಂದ ಮೊಟೇವಿಯಾಕ್ಕೆ ಹಾರುವ ವ್ಯೋಮನೌಕೆಯ ಹಿಂದೆ ಹೀಗೆ ಪುಟ ಮಗುಚುವ ಕೆಲಸವು ನಡೆಯುತ್ತಿರುತ್ತದೆ.

ಸಂಗೀತದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ಯಂತ್ರದ ಸಾಮಾನ್ಯ ಧ್ವನಿಜನಕವು ಚೌಕಾಕೃತಿಯ ತರಂಗಗಳನ್ನು ಹೊರಡಿಸುವುದು; ಅದರಲ್ಲಿ ಮೂಲ ಆವೃತ್ತಿಯೊಡನೆ 3, 5, 7 ಪಟ್ಟು ಆವೃತ್ತಿಯ ಉಪಸ್ವರಗಳು ಗೊತ್ತಾದ ಪ್ರಮಾಣದಲ್ಲಿ ಇರುವುವು. ಆದುದರಿಂದ ಎಲ್ಲ ಸ್ವರಗಳಿಗೂ ಒಂದೇ ಬಗೆಯ ಪೀಪಿಯ ನಾದ. ಜಪಾನಿನಲ್ಲಿ ಮಾತ್ರ ಯಮಾಹಾ ಸಂಸ್ಥೆಯ ಇನ್ನೊಂದು ಧ್ವನಿಜನಕವನ್ನು ಜೋಡಿಸಿಕೊಳ್ಳಬಹುದಿತ್ತು. ಅದು ಒಂದು ತರಂಗದಿಂದ ಇನ್ನೊಂದರ ಆವೃತ್ತಿಯನ್ನು ತೂಗಾಡಿಸಿ ಬಗೆಬಗೆಯ ಉಪಸ್ವರಗಳನ್ನು ಹುಟ್ಟಿಸುತ್ತದೆ, ಎಫ್.ಎಂ. ರೇಡಿಯೋದ ತತ್ತ್ವವೇ, ಆದರೆ ಶ್ರಾವ್ಯ ಆವೃತ್ತಿಗಳಲ್ಲಿ. ಸಂಗೀತಕ್ಕೆ ಈ ವಿಧಾನವನ್ನು ಅಳವಡಿಸಿ 1973ರಲ್ಲಿ ಪ್ರಕಟಿಸಿದವನು ಅಮೆರಿಕದ ಜಾನ್ ಚೌನಿಂಗ್. ಫ್ಯಾಂಟಸಿ ಸ್ಟಾರಿನ ಸಂಗೀತವನ್ನು ಟೊಕುಹಿಕೊ ಉವಾಬೊ ಎರಡು ಬಗೆಯ ಧ್ವನಿಜನಕಗಳಿಗೂ ಹೊಂದಿಸಿದ್ದನು. ಪಶ್ಚಿಮದ ಯಂತ್ರಗಳಲ್ಲಿ ಆ ಎರಡನೆಯ ಧ್ವನಿಜನಕವಿರಲಿಲ್ಲವಾಗಿ ಅಲ್ಲಿನ ಮಕ್ಕಳು ಪೀಪಿಯ ನಾದದಲ್ಲಿಯೇ ತೃಪ್ತರಾಗಬೇಕಾಯಿತು.

ಹತ್ತಾರು ಗಂಟೆಗಳ ಆಟವನ್ನು ಒಂದೇ ಆಸನದಲ್ಲಿ ಕುಳಿತು ಮುಗಿಸಲಾಗದು. ನಿಲ್ಲಿಸಿದಲ್ಲಿಂದ ಮುಂದುವರಿಸುವುದು ಹೇಗೆ? ಡ್ರ್ಯಾಗನ್ ಕ್ವೆಸ್ಟಿನಲ್ಲಿ ಇಪ್ಪತ್ತು ಜಪಾನೀ ಅಕ್ಷರಗಳ ಒಂದು ಮಂತ್ರವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕಾಗಿತ್ತು. ಅಕ್ಷರಕ್ಕೆ 64 ಆಯ್ಕೆಗಳು, ಎಂದರೆ ಆರು ಬಿಟ್. ಒಟ್ಟು 120 ಬಿಟ್. ಒಂದಕ್ಷರ ತಪ್ಪಿದರೂ ವಾರದ ಶ್ರಮ ವ್ಯರ್ಥ. ಫ್ಯಾಂಟಸಿ ಸ್ಟಾರಿನಲ್ಲಿ ಈ ಕಷ್ಟವಿಲ್ಲ. ಕಾರ್ಟ್ರಿಜ್ಜಿನೊಳಗೆ ಒಂದು ಪುಟ್ಟ ಸ್ಮೃತಿಯೂ ಅದಕ್ಕೆ ಉಸಿರು ಕೊಡುವ ಬಿಲ್ಲೆಯಾಕಾರದ ಲಿಥಿಯಂ ವಿದ್ಯುತ್ಕೋಶವೂ ಇದ್ದು, ಐದು ಬೇರೆ ಬೇರೆ ಪ್ರಯಾಣಗಳನ್ನು ನೆನಪಿಡುತ್ತವೆ.

ಆದರೆ ಈ ನೆನಪಿಗೆ ಆಯುಷ್ಯವಿದೆ. ಆಟದ ಕಾರ್ಯಕ್ರಮವು ಕಾರ್ಖಾನೆಯಲ್ಲಿಯೇ ಸಿಲಿಕಾನಿನ ಮೇಲೆ ಅಚ್ಚಾದುದು. ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಆಡುವವನ ಪಯಣವನ್ನು ನೆನಪಿಡುವ ಸ್ಮೃತಿಗಾದರೋ ಸದಾ ವಿದ್ಯುತ್ ಬೇಕು. ವಿದ್ಯುತ್ಕೋಶದ ಸಾಮರ್ಥ್ಯವನ್ನು 220 ಮಿಲಿಆಂಪಿಯರ್ ಗಂಟೆಯೆಂದೂ, ಸ್ಮೃತಿಯು ಎಳೆಯುವ ಪ್ರವಾಹವನ್ನು ಎರಡು ಮೈಕ್ರೋಆಂಪಿಯರ್ ಎಂದೂ ಭಾವಿಸೋಣ. ಭಾಗಿಸಿದರೆ 1,10,000 ಗಂಟೆ, ಎಂದರೆ ಹನ್ನೆರಡೂವರೆ ವರ್ಷ. ಪ್ರವಾಹ ಇದರ ಅರ್ಧದಷ್ಟೇ ಇದ್ದರೆ ಇಪ್ಪತ್ತೈದು ವರ್ಷ. ಕೋಶವು ತನ್ನಷ್ಟಕ್ಕೆ ಸವೆಯುವುದನ್ನೂ ಸೇರಿಸಿದರೆ ಅಷ್ಟೂ ಇಲ್ಲ. 1987ರಲ್ಲಿ ಮಾರಾಟವಾದ ಕಾರ್ಟ್ರಿಜ್ಜುಗಳಿಗೆ ಈ ಲೆಕ್ಕದ ಅವಧಿ ಎಂದೋ ಕಳೆದಿದೆ. ಆಟ ಇಂದಿಗೂ ಮೊದಲಾಗುವುದು. ನೀರೋ ಇಂದಿಗೂ ತಂಗಿಯ ಕೈಗೆ ಕತ್ತಿಯನ್ನು ಕೊಡುವನು. ಆದರೆ ಯಾರೋ ಬಾಲಕಿಯೊಬ್ಬಳು ಬೇಸಗೆಯ ರಜೆಯೆಲ್ಲ ಕುಳಿತು ಡೆಜೋರಿಸಿನ ಹಿಮದವರೆಗೆ ತಲುಪಿಸಿದ್ದ ಅಲಿಸಳು ಮಾತ್ರ ಅಳಿಸಿಹೋಗಿರುವಳು. ಕೋಶವನ್ನು ಬದಲಾಯಿಸಬಹುದು. ಅದು ಬೆಸುಗೆ ಹಾಕಿದುದಾದುದರಿಂದ ಹಳೆಯದನ್ನು ಬಿಡಿಸಿದ ಕ್ಷಣದಲ್ಲಿ, ಬೇರೊಂದು ಕೋಶವನ್ನು ಸಮಾಂತರವಾಗಿ ಜೋಡಿಸಿಕೊಂಡಿರದಿದ್ದರೆ, ಉಳಿದಿದ್ದ ನೆನಪೂ ಹೋಗುವುದು.

ಸಂಸ್ಥೆಯೇ ಈ ಆಟವನ್ನು ನಿಂಟೆಂಡೊ ಸ್ವಿಚ್ ಯಂತ್ರಕ್ಕಾಗಿ 2018ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮತ್ತೆ ಹೊರತಂದಿತು. ಆ ಮಾಲಿಕೆಯ ಹೊಣೆ ಹೊತ್ತವರಲ್ಲಿ ಮುಖ್ಯರಾದವರು, ಮೂಲ ಆಟದ ಚಿತ್ರಗಳನ್ನು ರೂಪಿಸಿದ ರಿಯೆಕೊ ಕೊಡಾಮಾ. ಅವರು ಸೆಗಾ ಸಂಸ್ಥೆಯನ್ನು ಸೇರಿದುದು 1984ರಲ್ಲಿ. ಫ್ಯಾಂಟಸಿ ಸ್ಟಾರ್ ಹೊರಬಂದಾಗ ಅವರಿಗೆ 24 ವರ್ಷ, ನಾಕಾನಿಗೆ 22. ನಮ್ಮ ಕಾಲೇಜುಗಳಲ್ಲಿ ಸ್ನಾತಕೋತ್ತರ ಪರೀಕ್ಷೆಗೆ ಓದುವವರ ವಯಸ್ಸು! ಆ ದಿನಗಳಲ್ಲಿ ಜಪಾನಿನ ಸಂಸ್ಥೆಗಳು ಆಟಗಳನ್ನು ರಚಿಸಿದವರ ನಿಜನಾಮವನ್ನು ಸಾಮಾನ್ಯವಾಗಿ ಪ್ರಕಟಿಸುತ್ತಿರಲಿಲ್ಲ. ಆದುದರಿಂದ ಆಟದ ಕೊನೆಯಲ್ಲಿ ಬರುವ ಪಟ್ಟಿಯಲ್ಲಿ ಉವಾಬೊ ಬರಿಯ 'ಬೊ' ಆಗಿದ್ದಾನೆ. ಕೊಡಾಮಾ 'ಫೀನಿಕ್ಸ್ ರೀ' ಆಗಿದ್ದಾರೆ. ಹತ್ತಾರು ಗಂಟೆ ಆಡಿ ಕೊನೆಯನ್ನು ಮುಟ್ಟಿದವನಿಗೂ ಅವರು ಯಾರೆಂದು ತಿಳಿಯುವ ಮಾರ್ಗವಿರಲಿಲ್ಲ. ಮುಂದೆ ಅವರು ನಾಲ್ಕನೆಯ ಫ್ಯಾಂಟಸಿ ಸ್ಟಾರನ್ನು ನಿರ್ದೇಶಿಸಿದರು. 2019ರಲ್ಲಿ ಆಟ ರಚನೆಕಾರರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಆದ್ಯಪ್ರವರ್ತಕರಿಗೆ ಸಲ್ಲುವ ಪ್ರಶಸ್ತಿಯು ಅವರಿಗೆ ಸಂದಿತು.

ಕೊಡಾಮಾ ತೀರಿಕೊಂಡುದು 2022ನೆಯ ಮೇ 9ರಂದು. ಹೊರಗಿನ ಜಗತ್ತಿಗೆ ಅದು ತಿಳಿದುಬಂದುದು ಐದು ತಿಂಗಳ ಮೇಲೆ, ಅಕ್ಟೋಬರಿನಲ್ಲಿ ಸೆಗಾ ಸಂಸ್ಥೆಯು ಹೊರತಂದ ಪುಟ್ಟ ಆಟದ ಯಂತ್ರವೊಂದರ ರಚನೆಕಾರರ ಪಟ್ಟಿಯಿಂದ. ಅದರಲ್ಲಿ ಶ್ರದ್ಧಾಂಜಲಿಯ ಸಾಲೊಂದಿದ್ದು, ಈ ಬಾರಿ ಅವರ ನಿಜವಾದ ಹೆಸರೇ ಇತ್ತು.